‘ಬಿ’ ಸೈಡಿನ ಹಾಡುಗಳು

ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲೋ, ಕಪಾಟಿನ ಮೂಲೆಯಲ್ಲೋ ಹಳೆಯ ಕ್ಯಾಸೆಟ್ಟುಗಳೇನಾದರೂ ಉಳಿದಿದ್ದರೆ ಒಮ್ಮೆ ಕೆಳಗಿಳಿಸಿ ನೋಡಿ. ಅವು ಈಗ ಹಾಡುತ್ತವೆಯೋ ಇಲ್ಲವೋ, ಅದು ಬೇರೆ ಮಾತು. ಮೇಲಿನ ಅಕ್ಷರಗಳನ್ನಷ್ಟೇ ಗಮನಿಸಿ. ‘ಎ’ ಎಂದು ಬರೆದ ಮಗ್ಗುಲು ಹೆಬ್ಬೆರಳು ತಾಗಿ ತಾಗಿ ಮಾಸಿರುತ್ತದೆ. ‘ಬಿ’ ಎಂದಿರುವ ಮಗ್ಗುಲು ಅಂಗಡಿಯಿಂದ ಈಗಷ್ಟೇ ತಂದಂತಿರುತ್ತದೆ. ಮೂವತ್ತು-ನಲವತ್ತು ವರ್ಷಗಳ ಹಿಂದೆ ಯಾರು ಯಾವ ಹಾಡನ್ನು ಎಷ್ಟು ಸಲ ಕೇಳಿದರು ಎಂಬುದಕ್ಕೆ ಇದಕ್ಕಿಂತ ನಂಬಿಕೆಯ ದಾಖಲೆ ಬೇಕಿಲ್ಲ.

ಆ ಕಾಲದಲ್ಲಿ ಇಂಗ್ಲಿಷ್ ಹಾಡುಗಳ ರುಚಿ ಹತ್ತಿದವರ ಪೆಟ್ಟಿಗೆಯಲ್ಲಿ ಒಂದು ಕ್ಯಾಸೆಟ್ ಇದ್ದೇ ಇರುತ್ತಿತ್ತು. ಮೋಡಗಳು ಚೆದುರಿದ ಆಕಾಶ, ಅದರೆದುರು ಓರೆಯಾಗಿ ಮೇಲಕ್ಕೆ ಚಾಚಿದ ಬೆಳ್ಳಿ ಬಣ್ಣದ ಗಿಟಾರು. ಬ್ರಿಟನ್ನಿನ ‘ಡೈರ್ ಸ್ಟ್ರೈಟ್ಸ್’ ತಂಡದ ‘ಬ್ರದರ್ಸ್ ಇನ್ ಆರ್ಮ್ಸ್’. 1985ರ ಮೇ ತಿಂಗಳಲ್ಲಿ ಬಿಡುಗಡೆಯಾದ ಈ ಆಲ್ಬಮ್ಮಿನಲ್ಲಿ ಇರುವುದು ಒಂಬತ್ತೇ ಹಾಡು. ‘ಎ’ ಸೈಡಿನಲ್ಲಿ ಐದು, ‘ಬಿ’ ಸೈಡಿನಲ್ಲಿ ನಾಲ್ಕು. ಬ್ರಿಟನ್ನಿನಲ್ಲಿ ಒಟ್ಟು 14 ವಾರ, ಅಮೆರಿಕದಲ್ಲಿ 9 ವಾರ ಅದು ಮೊದಲ ಸ್ಥಾನದಲ್ಲಿತ್ತು. ಲೋಕದ ತುಂಬ ಮಾರಾಟವಾದ ಪ್ರತಿಗಳು ಸುಮಾರು ಮೂರು ಕೋಟಿ.

2025ಕ್ಕೆ ಅದಕ್ಕೆ ನಲವತ್ತು ತುಂಬಿತು. ಹೊಸದಾಗಿ ಅಣಿಗೊಳಿಸಿದ ಆವೃತ್ತಿಯೂ ಬಂತು. ಅಂದು ಹಾಸ್ಟೆಲಿನ ಕೊಠಡಿಯಲ್ಲಿ ಇದನ್ನು ಕೇಳಿದವರು ಐವತ್ತು ದಾಟಿದ್ದಾರೆ. ಅವರಲ್ಲಿ ಯಾರಾದರೂ ಈಗ ಬಿಡುವು ಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದರೆ ಒಂದು ವಿಚಿತ್ರ ಅನುಭವವಾಗುತ್ತದೆ. ಅಂದು ಕುಣಿಸಿದ್ದು ‘ಎ’ ಸೈಡು. ಆಲ್ಬಮ್ಮಿಗೆ ತನ್ನ ಹೆಸರನ್ನು ಕೊಟ್ಟ ಹಾಡು ಇರುವುದು ‘ಬಿ’ ಸೈಡಿನ ತುತ್ತತುದಿಯಲ್ಲಿ. ಅಲ್ಲಿಯವರೆಗೆ ಹೋದವರು ಅಂದು ಎಷ್ಟು ಮಂದಿ?

ಮೇಷ್ಟರ ಕೈಯಲ್ಲಿ ಗಿಟಾರು

ಹಾಡು ಬರೆದು, ಹಾಡಿ, ಗಿಟಾರ್ ನುಡಿಸಿದವರು ಮಾರ್ಕ್ ನಾಫ್ಲರ್. ಇಂಗ್ಲಿಷಿನಲ್ಲಿ ಹೆಸರು ‘ಕೆ’ ಅಕ್ಷರದಿಂದ ಶುರುವಾಗುತ್ತದೆ, ಉಚ್ಚಾರದಲ್ಲಿ ಅದು ಇಲ್ಲ. 1949ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಬೆಳೆದವರು. ತಂದೆ ಹಂಗೇರಿಯಿಂದ ಬಂದ ಯಹೂದಿ ವಾಸ್ತುಶಿಲ್ಪಿ. ಫ್ಯಾಸಿಸ್ಟರ ಕಾಟಕ್ಕೆ 1939ರಲ್ಲಿ ದೇಶ ಬಿಟ್ಟವರು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮಗ ನೇರವಾಗಿ ವೇದಿಕೆ ಹತ್ತಿದವರಲ್ಲ. ಲೀಡ್ಸ್ ನಗರದ ಪತ್ರಿಕೆಯೊಂದರಲ್ಲಿ ವರದಿಗಾರರಾಗಿದ್ದರು. ಆ ಬಳಿಕ ಇಂಗ್ಲಿಷ್ ಸಾಹಿತ್ಯ ಓದಿ, ಎಸೆಕ್ಸ್‌ನ ಕಾಲೇಜೊಂದರಲ್ಲಿ ಪಾಠ ಹೇಳಿದರು. ತಂಡ ಕಟ್ಟಿದ್ದು 1977ರಲ್ಲಿ. ಆಗ ಅವರಿಗೆ ಇಪ್ಪತ್ತೆಂಟು. ಕೈಯಲ್ಲಿ ಕಾಸಿಲ್ಲದ ಸ್ಥಿತಿಯನ್ನೇ ಹೆಸರಾಗಿ ಇಟ್ಟುಕೊಂಡರು. ‘ಡೈರ್ ಸ್ಟ್ರೈಟ್ಸ್’ ಎಂದರೆ ಕಡುಕಷ್ಟ. ವರದಿಗಾರನ ಕಿವಿ, ಮೇಷ್ಟರ ಶಬ್ದಪ್ರಜ್ಞೆ ಎರಡೂ ಹಾಡುಗಳಲ್ಲಿ ಕಾಣುತ್ತವೆ. ಅವರ ಒಳ್ಳೆಯ ಹಾಡುಗಳಲ್ಲಿ ಮಾತನಾಡುವವನು ಕವಿಯಲ್ಲ, ಇನ್ನೊಬ್ಬ ಮನುಷ್ಯ. ಸಾಮಾನು ಹೊರುವವನು, ಬಾಡಿಗೆ ಸೈನಿಕ, ಮುದಿ ಸೇನಾನಿ. ನಾಫ್ಲರ್ ಎಡಗೈಯವರಾದರೂ ಬಲಗೈಯವರಂತೆ ಗಿಟಾರ್ ಹಿಡಿಯುತ್ತಾರೆ. ತಂತಿ ಮೀಟಲು ಹೆಚ್ಚಿನವರಂತೆ ಪ್ಲಾಸ್ಟಿಕ್ ಬಿಲ್ಲೆ ಬಳಸುವುದಿಲ್ಲ, ಬರಿಯ ಬೆರಳು. ನಮ್ಮಲ್ಲಿ ವೀಣೆ ಕೇಳಿ ಬೆಳೆದವರಿಗೆ ಆ ನಾದ ಬೇಗ ಒಗ್ಗಿದ್ದರೆ ಆಶ್ಚರ್ಯವಿಲ್ಲ.

ಮುಖಪುಟದ ಆ ಬೆಳ್ಳಿ ಗಿಟಾರು 1937ರದು, ನ್ಯಾಷನಲ್ ಕಂಪನಿಯದು. ವಿದ್ಯುತ್ ಗಿಟಾರು ಬಳಕೆಗೆ ಬರುವ ಮುಂಚಿನ ತಲೆಮಾರಿನ ವಾದ್ಯ. ವಾದ್ಯಗೋಷ್ಠಿಯ ಗದ್ದಲದಲ್ಲಿ ಮರದ ಗಿಟಾರಿನ ದನಿ ಕೇಳಿಸುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ನಿಕಲ್ ಲೇಪಿಸಿದ ಹಿತ್ತಾಳೆಯ ಒಡಲು ಮಾಡಿ, ಒಳಗೆ ತೆಳು ಅಲ್ಯೂಮಿನಿಯಂ ಶಂಕುವನ್ನು ಕೂರಿಸಿದರು. ತಂತಿಯ ಕಂಪನ ಶಂಕುವಿಗೆ ದಾಟಿ ಅದು ಧ್ವನಿವರ್ಧಕದ ಪರದೆಯಂತೆ ಗಾಳಿಯನ್ನು ತಳ್ಳುತ್ತದೆ. ವಿದ್ಯುತ್ತಿಲ್ಲದ ಲೌಡ್‌ಸ್ಪೀಕರ್! ಲೋಕದ ಅತ್ಯಾಧುನಿಕ ಧ್ವನಿಮುದ್ರಣವೆಂದು ಹೆಸರಾದ ಆಲ್ಬಮ್ಮಿನ ಮುಖಪುಟಕ್ಕೆ ಇಂಥ ಹಳೆಯ ವಾದ್ಯವನ್ನು ಆರಿಸಿದ್ದರಲ್ಲಿ ಸಣ್ಣದೊಂದು ತುಂಟತನವಿದೆ.

ದ್ವೀಪದಲ್ಲಿ ಕೂಡಿಟ್ಟ ಸಂಖ್ಯೆಗಳು

ಧ್ವನಿಮುದ್ರಣ ನಡೆದದ್ದು ಲಂಡನ್ನಿನಲ್ಲಲ್ಲ. ಕೆರಿಬಿಯನ್ ಸಮುದ್ರದಲ್ಲಿ ಮಾಂಟ್‌ಸೆರಾಟ್ ಎಂಬ ಬ್ರಿಟಿಷ್ ಅಧೀನದ ಪುಟ್ಟ ದ್ವೀಪವಿದೆ. ವಿಸ್ತೀರ್ಣ 102 ಚದರ ಕಿಲೋಮೀಟರ್, ನಮ್ಮ ಒಂದು ತಾಲ್ಲೂಕಿಗಿಂತ ಎಷ್ಟೋ ಚಿಕ್ಕದು. ಬೀಟಲ್ಸ್ ತಂಡದ ಹಾಡುಗಳನ್ನು ರೂಪಿಸಿದ ಜಾರ್ಜ್ ಮಾರ್ಟಿನ್ 1979ರಲ್ಲಿ ಅಲ್ಲಿ ‘ಏರ್’ ಸ್ಟುಡಿಯೋ ಕಟ್ಟಿದ್ದರು. ಗುಡ್ಡದ ಇಳಿಜಾರು, ಈಜುಕೊಳ, ಎದುರಿಗೆ ಸಮುದ್ರ. ನಗರದ ಗಲಾಟೆ ಬಿಟ್ಟು ಬಂದ ಗಾಯಕರು ಮನಸ್ಸಿಟ್ಟು ಕೆಲಸ ಮಾಡಲಿ ಎಂಬುದು ಅವರ ಆಸೆ. ಹತ್ತು ವರ್ಷಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಆಲ್ಬಮ್ಮುಗಳು ಅಲ್ಲಿ ತಯಾರಾದವು.

ಡೈರ್ ಸ್ಟ್ರೈಟ್ಸ್ ತಂಡ ಅಲ್ಲಿಗೆ ಬಂದದ್ದು 1984ರ ಕೊನೆಯಲ್ಲಿ. ಜೊತೆಗಿದ್ದದ್ದು ಸೋನಿ ಕಂಪನಿಯ 24 ಹಾದಿಗಳ ಡಿಜಿಟಲ್ ಯಂತ್ರ. ಆ ಕಾಲಕ್ಕೆ ಅದು ಹೊಸ ಸಂಗತಿ. ಏನದರ ವಿಶೇಷ?

ಹಳೆಯ ಟೇಪ್ ರೆಕಾರ್ಡರು ಧ್ವನಿಯ ಏರಿಳಿತವನ್ನು ಹಾಗೆಹಾಗೆಯೇ ಕಾಂತೀಯ ಏರಿಳಿತವಾಗಿ ಟೇಪಿನ ಮೇಲೆ ಮೂಡಿಸುತ್ತದೆ. ಅದು ಒಂದು ಬಗೆಯ ಚಿತ್ರ. ಡಿಜಿಟಲ್ ಯಂತ್ರ ಚಿತ್ರ ಬರೆಯುವುದಿಲ್ಲ, ಅಳತೆ ತೆಗೆಯುತ್ತದೆ. ಜ್ವರದ ರೋಗಿಯ ಬಾಯಿಗೆ ದಾದಿ ಹೊತ್ತುಹೊತ್ತಿಗೆ ಥರ್ಮಾಮೀಟರ್ ಇಟ್ಟು ಚಾರ್ಟಿನಲ್ಲಿ ಬರೆಯುತ್ತಾಳಲ್ಲ, ಹಾಗೆ. ಆದರೆ ಇಲ್ಲಿ ಅಳತೆ ದಿನಕ್ಕೆ ನಾಲ್ಕು ಸಲ ಅಲ್ಲ, ಸಿ.ಡಿ.ಯ ನಿಯಮದಂತೆ ಒಂದು ಸೆಕೆಂಡಿಗೆ 44,100 ಸಲ. ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳ ಏಣಿಯ ಮೇಲೆ ಇಟ್ಟು ನೋಡಿ, ಯಾವ ಮೆಟ್ಟಿಲೋ ಆ ಸಂಖ್ಯೆಯನ್ನು ಬರೆದುಕೊಳ್ಳುವುದು. 44,100 ಎಂಬ ಸಂಖ್ಯೆಯೂ ಸುಮ್ಮನೆ ಬಂದದ್ದಲ್ಲ. ಮನುಷ್ಯನ ಕಿವಿಗೆ ಕೇಳುವ ಅತಿ ಹೆಚ್ಚಿನ ಆವೃತ್ತಿ ಸೆಕೆಂಡಿಗೆ ಸುಮಾರು 20,000. ಒಂದು ಅಲೆಯನ್ನು ತಪ್ಪಿಲ್ಲದೆ ಮತ್ತೆ ಕಟ್ಟಬೇಕಾದರೆ ಅದರ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು.

ಇದರಿಂದಾದ ದೊಡ್ಡ ಲಾಭ ನಕಲು ಮಾಡುವಾಗ ತಿಳಿಯುತ್ತದೆ. ಒಂದು ಮುಖದ ಚಿತ್ರವನ್ನು ನೋಡಿ ಒಬ್ಬ ವಿದ್ಯಾರ್ಥಿ ಬರೆಯಲಿ, ಅವನದನ್ನು ನೋಡಿ ಪಕ್ಕದವನು, ಅವನದನ್ನು ನೋಡಿ ಹಿಂದಿನ ಬೆಂಚಿನವನು. ಹತ್ತನೆಯವನ ಹಾಳೆಯಲ್ಲಿ ಮೂಗು ಎಲ್ಲಿರುತ್ತದೋ ದೇವರೇ ಬಲ್ಲ. ಅದೇ ಅಂಕಪಟ್ಟಿಯನ್ನು ನಕಲು ಮಾಡಿದರೆ 65 ಎಂಬುದು ನೂರನೆಯ ಪ್ರತಿಯಲ್ಲೂ 65 ಆಗಿಯೇ ಇರುತ್ತದೆ. ಧ್ವನಿ ಹಿಡಿದದ್ದು, ಮಿಶ್ರಣ ಮಾಡಿದ್ದು, ಕೊನೆಯ ಪ್ರತಿ ತೆಗೆದದ್ದು ಮೂರೂ ಸಂಖ್ಯೆಗಳಲ್ಲೇ ಎಂದು ಸಾರಲು ಸಿ.ಡಿ.ಗಳ ಮೇಲೆ ಆಗ ‘ಡಿಡಿಡಿ’ ಎಂದು ಮೂರಕ್ಷರ ಅಚ್ಚು ಹಾಕುತ್ತಿದ್ದರು. ‘ಬ್ರದರ್ಸ್ ಇನ್ ಆರ್ಮ್ಸ್’ ಮೇಲೆ ಆ ಮುದ್ರೆ ಬಿತ್ತು.

ತಮಾಷೆಯೆಂದರೆ, ಇಷ್ಟೆಲ್ಲ ಮಾಡಿ ಶುಚಿಯಾಗಿ ಹಿಡಿದ ಧ್ವನಿ ಕರ್ನಾಟಕದ ಹುಡುಗರ ಕಿವಿ ತಲುಪಿದ್ದು ಹೇಗೆ? ಗೆಳೆಯನ ಕ್ಯಾಸೆಟ್ಟಿನಿಂದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡದ್ದು, ಅದರಿಂದ ಇನ್ನೊಬ್ಬ ತುಂಬಿಸಿಕೊಂಡದ್ದು! ಕ್ಯಾಸೆಟ್ಟಿನ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ಅಷ್ಟರಲ್ಲೇ ಎರಡು ಮಗ್ಗುಲಿಗೂ, ಎಡಬಲ ಕಿವಿಗಳಿಗೂ ಜಾಗ ಆಗಬೇಕು. ಸೆಕೆಂಡಿಗೆ ಐದು ಸೆಂಟಿಮೀಟರ್ ಕೂಡ ಓಡದ ಆ ಟೇಪು ಸದಾ ‘ಸ್ಸ್...’ ಎನ್ನುತ್ತಿರುತ್ತದೆ, ಪ್ರತಿ ನಕಲಿಗೂ ಆ ಸದ್ದಿನ ಮೇಲೆ ಇನ್ನೊಂದು ಪದರ. ಸಾಲದೆಂಬಂತೆ ಸೆಲ್ ಖರ್ಚಾದೀತೆಂದು ಪೆನ್ಸಿಲ್ ತೂರಿಸಿ ಕೈಯಲ್ಲೇ ಹಿಂದಕ್ಕೆ ಸುತ್ತುವುದು ಬೇರೆ. ಸಿ.ಡಿ. ಪ್ಲೇಯರ್ ಎಂಬುದನ್ನು ಹೆಚ್ಚಿನವರು ಕಣ್ಣಲ್ಲಿ ಕಂಡದ್ದು ತೊಂಬತ್ತರ ದಶಕದಲ್ಲಿ. ಅಷ್ಟರಲ್ಲಿ ಈ ಹಾಡುಗಳು ಆ ‘ಸ್ಸ್’ ಸಹಿತವೇ ಮನಸ್ಸಿನಲ್ಲಿ ಕೂತಾಗಿತ್ತು. ಈಗ ನಿರ್ಮಲವಾದ ಪ್ರತಿಯನ್ನು ಕೇಳಿದರೆ ಏನೋ ಕಳೆದುಹೋಗಿದೆ ಅನ್ನಿಸುವುದು ಅದಕ್ಕೇ. ಕಳೆದುಹೋದದ್ದು ಟೇಪಿನ ದೋಷವಷ್ಟೇ.

‘ಎ’ ಸೈಡು

ಮೊದಲ ಮಗ್ಗುಲನ್ನು ಮೆರೆಸಿದ್ದು ‘ಮನಿ ಫಾರ್ ನಥಿಂಗ್’. ನ್ಯೂಯಾರ್ಕಿನ ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದರಲ್ಲಿ ಸಾಲಾಗಿ ಇಟ್ಟ ಟಿ.ವಿ.ಗಳಲ್ಲಿ ಹಾಡು ಬರುತ್ತಿದ್ದವು. ಸಾಮಾನು ಸಾಗಿಸುವ ಕೆಲಸದವನೊಬ್ಬ ಅದನ್ನು ನೋಡುತ್ತ, ಬೆವರು ಸುರಿಸದೆ ದುಡ್ಡು ಬಾಚುವ ಗಾಯಕರನ್ನು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದ. ನಾಫ್ಲರ್ ಅಲ್ಲೇ ಕಾಗದ, ಪೆನ್ನು ಇಸಿದುಕೊಂಡು ಕೂತು ಬರೆದುಕೊಂಡರಂತೆ. ವರದಿಗಾರನ ಚಾಳಿ ಎಲ್ಲಿ ಹೋದೀತು! ಹಾಡಿನ ಆರಂಭದಲ್ಲಿ ತನಗೆ ಎಂ.ಟಿ.ವಿ. ಬೇಕೆಂದು ಹಂಬಲಿಸುವ ತೆಳುದನಿ ಗಾಯಕ ಸ್ಟಿಂಗ್‌ರದು. ಅವರು ರಜೆಗೆಂದು ಅದೇ ದ್ವೀಪಕ್ಕೆ ಬಂದಿದ್ದರು. ಹಾಡಿದ ಆ ಒಂದು ಧಾಟಿ ಅವರದೇ ಹಳೆಯ ಹಾಡನ್ನು ಹೋಲುತ್ತದೆಂದು ಅವರ ಪ್ರಕಾಶಕರು ಪಟ್ಟು ಹಿಡಿದು, ರಚನೆಯಲ್ಲಿ ಅವರಿಗೂ ಪಾಲು ಕೊಡಿಸಿದರು.

ಆದರೆ 1985ರ ಕನ್ನಡ ನಾಡಿನ ಕೇಳುಗನಿಗೆ ಎಂ.ಟಿ.ವಿ. ಎಂದರೆ ಏನು ಗೊತ್ತಿತ್ತು? ಮನೆಯಲ್ಲಿ ಟಿ.ವಿ. ಇದ್ದರೆ ಅದರಲ್ಲಿ ದೂರದರ್ಶನವೊಂದೇ. ಹೊರದೇಶದ ವಾಹಿನಿಗಳು ಉಪಗ್ರಹದ ಮೂಲಕ ಇಲ್ಲಿಗೆ ಇಳಿದದ್ದು 1991ರಿಂದೀಚೆಗೆ. ಆರೇಳು ವರ್ಷ ಈ ಹುಡುಗರು ತಾವು ಕಂಡೇ ಇರದ ವಸ್ತುವಿಗಾಗಿ ದನಿಗೂಡಿಸಿ ಹಂಬಲಿಸಿದರು. ಆ ಹಾಡಿನ ಕಂಪ್ಯೂಟರ್ ಚಿತ್ರ, ಡಬ್ಬಿಗಳನ್ನು ಜೋಡಿಸಿದಂಥ ಮನುಷ್ಯರು, ಕಂಡದ್ದೂ ಆಮೇಲೆಯೇ. 1987ರ ಆಗಸ್ಟ್ 1ರಂದು ಎಂ.ಟಿ.ವಿ.ಯ ಯೂರೋಪ್ ವಾಹಿನಿ ಶುರುವಾದಾಗ ಮೊದಲು ತೋರಿಸಿದ ಹಾಡು ಇದೇ. ಆಗ ಬೆರಗು ಹುಟ್ಟಿಸಿದ ಆ ಚಿತ್ರ ಇಂದು ಮಕ್ಕಳ ಆಟಿಕೆಯಂತೆ ಕಾಣುತ್ತದೆ.

ಅದರ ಗಿಟಾರಿನ ಕರ್ಕಶ ನಾದವಾದರೋ ಇನ್ನೂ ಹಳತಾಗಿಲ್ಲ. ಅದರ ಹಿಂದೊಂದು ಆಕಸ್ಮಿಕವಿದೆ. ವಾದ್ಯದ ಮುಂದೆ ಮೈಕುಗಳನ್ನು ಹೊಂದಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ. ಒಂದು ಮೈಕು ನೆಲ ನೋಡುತ್ತಿತ್ತು, ಇನ್ನೊಂದು ಧ್ವನಿವರ್ಧಕಕ್ಕೆ ಸರಿಯಾಗಿ ಎದುರಾಗಿಯೂ ಇರಲಿಲ್ಲ. ಅಷ್ಟರಲ್ಲಿ ನಾಫ್ಲರ್ ನುಡಿಸತೊಡಗಿದರು. ಜೊತೆ ನಿರ್ಮಾಪಕ ನೀಲ್ ಡಾರ್ಫ್‌ಸ್ಮನ್ ಕೇಳಿದವರೇ, ಯಾವುದನ್ನೂ ಮುಟ್ಟುವುದು ಬೇಡವೆಂದರು. ಮುಂದೆ ನ್ಯೂಯಾರ್ಕಿನಲ್ಲಿ ಅದೇ ನಾದ ಬರಿಸಲು ಹೆಣಗಿದರೂ ಬರಲಿಲ್ಲ. ಭೌತಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ವ್ಯತಿಕರಣ ಎನ್ನುತ್ತಾರೆ. ಒಂದೇ ಧ್ವನಿ ಬೇರೆ ಬೇರೆ ದೂರದಲ್ಲಿರುವ ಮೈಕುಗಳನ್ನು ಮುಟ್ಟುವಾಗ ಕೂದಲೆಳೆಯಷ್ಟು ಹಿಂದೆಮುಂದೆ ಆಗುತ್ತದೆ. ಎರಡನ್ನೂ ಕೂಡಿಸಿದಾಗ ಉಬ್ಬಿನ ಮೇಲೆ ಉಬ್ಬು ಬಿದ್ದ ಸ್ವರ ಬಲಿಯುತ್ತದೆ, ಉಬ್ಬಿನ ಮೇಲೆ ತಗ್ಗು ಬಿದ್ದ ಸ್ವರ ಅಳಿಯುತ್ತದೆ. ಲೋಕದ ಅತಿ ಶುಚಿಯಾದ ಧ್ವನಿಮುದ್ರಣದ ಅತಿ ಪ್ರಸಿದ್ಧ ನಾದ ಹುಟ್ಟಿದ್ದು ವಕ್ರವಾಗಿ ನಿಂತ ಮೈಕುಗಳಿಂದ.

ಅದಕ್ಕೂ ಮುನ್ನ ಗುಡುಗಿನಂತೆ ಏರಿ ಬರುವ ಡ್ರಮ್ಮಿನ ಸದ್ದು ತಂಡದ ಡ್ರಮ್ಮರ್ ಟೆರಿ ವಿಲಿಯಮ್ಸ್‌ರದು. ಆಲ್ಬಮ್ಮಿನಲ್ಲಿ ಉಳಿದೆಡೆ ಬಹುಪಾಲು ಅವರ ವಾದನವನ್ನು ಕೈಬಿಟ್ಟು ಒಮರ್ ಹಕೀಮ್ ಎಂಬ ಅಮೆರಿಕನ್ ಕಲಾವಿದರಿಂದ ಮತ್ತೆ ನುಡಿಸಿದರು. ಉಳಿದುಕೊಂಡ ಆ ಕೆಲವು ಕ್ಷಣಗಳನ್ನು ಕೇಳಿ ರೋಮಾಂಚನಗೊಂಡವರು ಕೋಟಿಗಟ್ಟಲೆ. ಇದು ಅವರಿಗೆ ಸಮಾಧಾನವೋ ಅಲ್ಲವೋ.

ಈಗ ಮರಳಿ ಕೇಳುವವರಿಗೆ ಈ ಹಾಡಿನಲ್ಲಿ ಒಂದು ಕಲ್ಲು ಸಿಗುತ್ತದೆ. ಆ ಕೆಲಸದವನ ಬಾಯಲ್ಲಿ ಸಲಿಂಗಕಾಮಿಗಳನ್ನು ಹೀಯಾಳಿಸುವ ಶಬ್ದವಿದೆ. ಅದು ಪಾತ್ರದ ಮಾತು, ಹಾಡಿನ ಗುರಿ ಅಂಥವನ ಸಣ್ಣತನವನ್ನು ತೋರಿಸುವುದೇ ಎಂದು ವಾದಿಸಬಹುದು. ಕೆನಡಾದಲ್ಲಿ 2011ರಲ್ಲಿ ಇದು ದೊಡ್ಡ ಚರ್ಚೆಯಾಗಿ, ಆ ಶಬ್ದವಿರುವ ಹಾಡು ಬಾನುಲಿಗೆ ತಕ್ಕದ್ದಲ್ಲವೆಂದು ಪ್ರಸಾರ ಮಾನದಂಡದ ಮಂಡಳಿ ಹೇಳಿತು. ಅದೇ ವರ್ಷ ತೀರ್ಪನ್ನು ಸಡಿಲಿಸಿತು. ವಾದ ಏನೇ ಇರಲಿ, ಇಪ್ಪತ್ತರ ಹರೆಯದಲ್ಲಿ ಅರ್ಥ ತಿಳಿಯದೆ ಕೂಗಿದ ಶಬ್ದವನ್ನು ಐವತ್ತೈದರಲ್ಲಿ ಅರ್ಥ ತಿಳಿದೂ ಕೂಗುವುದು ಕಷ್ಟ.

ಉಳಿದವುಗಳಲ್ಲಿ ‘ವಾಕ್ ಆಫ್ ಲೈಫ್’ ಬೀದಿ ಹಾಡುಗಾರನ ಗೆಲುವಿನ ಹಾಡು. ಡಾರ್ಫ್‌ಸ್ಮನ್‌ಗೆ ಇದು ಆಲ್ಬಮ್ಮಿನಲ್ಲಿ ಇರುವುದೇ ಬೇಡವಾಗಿತ್ತು, ತಂಡದವರು ಒಪ್ಪಲಿಲ್ಲ. ಬಿಡಿಯಾಗಿ ಬಂದಾಗ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೇರಿತು. ‘ಯುವರ್ ಲೇಟೆಸ್ಟ್ ಟ್ರಿಕ್’ನಲ್ಲಿ ಮೈಕೆಲ್ ಬ್ರೆಕರ್ ಅವರ ಸ್ಯಾಕ್ಸೊಫೋನ್ ಇದೆ. ‘ವೈ ವರಿ’ ಜೋಗುಳದಂಥ ಹಾಡು, ಇಂದಿಗೂ ಹಾಯೆನಿಸುತ್ತದೆ.

ತಟ್ಟೆಯನ್ನು ಮಾರಿದ ಹಾಡು

ಈ ಆಲ್ಬಮ್ಮು ಬರುವ ಹೊತ್ತಿಗೆ ಸಿ.ಡಿ. ಮಾರುಕಟ್ಟೆಗೆ ಬಂದು ಮೂರು ವರ್ಷವೂ ಆಗಿರಲಿಲ್ಲ. ಸೋನಿಯ ಮೊದಲ ಪ್ಲೇಯರ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1982ರ ಅಕ್ಟೋಬರಿನಲ್ಲಿ. ಯಂತ್ರ ದುಬಾರಿ, ತಟ್ಟೆಯೂ ದುಬಾರಿ. ಹೊಸ ಯಂತ್ರ ಕೊಂಡವರಿಗೆ ನೆಂಟರಿಷ್ಟರ ಮುಂದೆ ಹಾಕಿ ತೋರಿಸಲು ಒಂದು ತಟ್ಟೆ ಬೇಕಿತ್ತು. ಸಿ.ಡಿ.ಯನ್ನು ಸೋನಿಯ ಜೊತೆ ರೂಪಿಸಿದ ಫಿಲಿಪ್ಸ್ ಕಂಪನಿ ಡೈರ್ ಸ್ಟ್ರೈಟ್ಸ್ ತಂಡದ ಪ್ರವಾಸಕ್ಕೆ ಪ್ರಾಯೋಜಕನಾಗಿ ನಿಂತಿತು. ಆ ಪ್ರವಾಸ 1985ರ ಏಪ್ರಿಲ್‌ನಲ್ಲಿ ಅಂದಿನ ಯುಗೊಸ್ಲಾವಿಯಾದಲ್ಲಿ ಶುರುವಾಗಿ ಸಿಡ್ನಿಯಲ್ಲಿ ಮುಗಿಯಲು ಒಂದು ವರ್ಷ ಹಿಡಿಯಿತು. ಸಿ.ಡಿ. ರೂಪದಲ್ಲೇ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಆಲ್ಬಂ ಎಂಬ ಹೆಸರು ‘ಬ್ರದರ್ಸ್ ಇನ್ ಆರ್ಮ್ಸ್’ಗೆ ಬಂತು.

ಎಲ್.ಪಿ. ತಟ್ಟೆಯಲ್ಲಿ ಹಾಡುಗಳನ್ನು ಕತ್ತರಿಸಿ 47 ನಿಮಿಷಕ್ಕೆ ಇಳಿಸಬೇಕಾಗಿತ್ತು. ಒಂದು ಮಗ್ಗುಲಿನಲ್ಲಿ ಹೆಚ್ಚು ಹೊತ್ತು ತುಂಬಿದಷ್ಟೂ ಗೀರುಗಳು ಒತ್ತಾಗಿ, ದನಿ ಸೊರಗುತ್ತದೆ. ಸಿ.ಡಿ.ಯಲ್ಲಿ ಪೂರಾ 55 ನಿಮಿಷ. ಹೊಸ ತಟ್ಟೆ ಕೊಂಡವರಿಗೆ ಹಾಡೂ ಹೆಚ್ಚು ಸಿಕ್ಕಿತು! ಆದರೆ ಸಿ.ಡಿ.ಗೆ ಮಗ್ಗುಲು ಒಂದೇ. ಮಗುಚಿ ಹಾಕುವ ಕೆಲಸವಿಲ್ಲ. ‘ಎ’ ಸೈಡು ಮುಗಿದ ಬಳಿಕ ‘ಬಿ’ ಸೈಡಿನ ಹಾಡುಗಳು ತಾವಾಗಿಯೇ ಬಂದುಬಿಡುತ್ತವೆ. ಈ ಆಲ್ಬಮ್ಮಿನಲ್ಲಿ ಇನ್ನೊಂದು ಆಲ್ಬಂ ಇದೆಯೆಂದು ಬಹಳ ಮಂದಿಗೆ ಹೊಳೆದದ್ದು ಹಾಗೆ.

ಮಗುಚಿ ಹಾಕಿದ ಮೇಲೆ

‘ಬಿ’ ಸೈಡಿನ ನಾಲ್ಕು ಹಾಡುಗಳಲ್ಲಿ ಮೂರು ಯುದ್ಧದವು. ‘ರೈಡ್ ಅಕ್ರಾಸ್ ದ ರಿವರ್’ನಲ್ಲಿ ಕಾಡಿನ ಕತ್ತಲೆ, ನದಿ ದಾಟುವ ಬಂದೂಕುಗಳು. ಒಬ್ಬ ತತ್ವಕ್ಕಾಗಿ ಹೋರಾಡುವವನು, ಇನ್ನೊಬ್ಬ ಕೂಲಿಗೆ ಕೊಲ್ಲುವವನು. ಇಬ್ಬರಿಗೂ ಒಂದೇ ರಾಗ, ಒಂದೇ ಲಯ. ‘ದ ಮ್ಯಾನ್ಸ್ ಟೂ ಸ್ಟ್ರಾಂಗ್’ನಲ್ಲಿ ಮುಪ್ಪಾದ ಯುದ್ಧಾಪರಾಧಿಯೊಬ್ಬ ತಾನು ಮಾಡಿದ್ದನ್ನೆಲ್ಲ ಒಪ್ಪಿಕೊಳ್ಳುತ್ತಾನೆ, ಪಶ್ಚಾತ್ತಾಪ ಮಾತ್ರ ಅವನ ಕೈಲಾಗದು. ಮೆಲುದನಿಯ ನಡುವೆ ಎರಗುವ ಗಿಟಾರಿನ ಪೆಟ್ಟಿಗೆ ಈಗಲೂ ಬೆಚ್ಚುವಂತಾಗುತ್ತದೆ. ‘ಒನ್ ವರ್ಲ್ಡ್’ ಇವುಗಳಷ್ಟು ಗಟ್ಟಿಯಿಲ್ಲ.

ಕೊನೆಯದು ‘ಬ್ರದರ್ಸ್ ಇನ್ ಆರ್ಮ್ಸ್’. ಅದರ ಹುಟ್ಟು 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ಕಾಲದ್ದು. ದಕ್ಷಿಣ ಅಟ್ಲಾಂಟಿಕ್ ಸಾಗರದ ಕೆಲವು ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ಏಪ್ರಿಲ್ 2ರಿಂದ ಜೂನ್ 14ರವರೆಗೆ ಕಾದಾಡಿದವು. ಬ್ರಿಟನ್ನಿನ 255 ಮಂದಿ ಯೋಧರು, ಅರ್ಜೆಂಟೀನಾದ 649 ಮಂದಿ ಸತ್ತರು. ಎಡಪಂಥದ ಸೋವಿಯತ್ ರಷ್ಯಾ, ಅರ್ಜೆಂಟೀನಾದ ಬಲಪಂಥೀಯ ಸೇನಾಡಳಿತಕ್ಕೆ ಹೆಗಲು ಕೊಟ್ಟದ್ದನ್ನು ಕಂಡು ನಾಫ್ಲರ್ ಅವರ ತಂದೆ ವ್ಯಂಗ್ಯವಾಗಿ ಆಡಿದ ಮಾತಿನಿಂದ ಈ ಶೀರ್ಷಿಕೆ ಬಂತು. ಫ್ಯಾಸಿಸ್ಟರಿಂದ ತಪ್ಪಿಸಿಕೊಂಡು ಬಂದ ಮನುಷ್ಯನಿಗೆ ಅದು ಬರಿಯ ರಾಜಕೀಯ ಸುದ್ದಿಯಾಗಿರಲಿಲ್ಲ.

ತಂದೆಯ ವ್ಯಂಗ್ಯ ಮಗನ ಹಾಡಿನಲ್ಲಿ ಉಳಿಯಲಿಲ್ಲ. ಶಸ್ತ್ರ ಹಿಡಿದವರ ಸೋದರತ್ವ ಎಂಬ ಮಾತು ಅಲ್ಲಿ ನಿಜವಾಗಿಬಿಟ್ಟಿತು. ರಣರಂಗದಲ್ಲಿ ಸಾಯುತ್ತ ಬಿದ್ದವನೊಬ್ಬ ತನ್ನನ್ನು ಬಿಟ್ಟುಹೋಗದ ಜೊತೆಗಾರರ ಜೊತೆ ಆಡುವ ಮಾತು ಅದು. ಯಾವ ದೇಶದವನು ಎಂದಿಲ್ಲ. ಗೆದ್ದವನೋ ಸೋತವನೋ ತಿಳಿಯದು. ಶತ್ರುವಿನ ಬಗ್ಗೆ ಒಂದು ಕೆಟ್ಟ ನುಡಿಯಿಲ್ಲ. ಗಿಟಾರ್ ಇಲ್ಲಿ ಮೆರೆಯುವುದಿಲ್ಲ. ಮಾತು ನಿಂತೆಡೆಯಲ್ಲಿ ಬಂದು, ಮಾತು ಶುರುವಾದೊಡನೆ ಹಿಂದೆ ಸರಿಯುತ್ತದೆ. ‘ಮನಿ ಫಾರ್ ನಥಿಂಗ್’ನಲ್ಲಿ ಗುರುಗುಟ್ಟಿದ ಅದೇ ಗಿಬ್ಸನ್ ಗಿಟಾರಿನಿಂದ ಈ ಅಳು ಬಂತೆಂದರೆ ನಂಬುವುದು ಕಷ್ಟ. ಬ್ರಿಟನ್ನಿನಲ್ಲಿ ಸೈನಿಕರ ಅಂತ್ಯಸಂಸ್ಕಾರದಲ್ಲಿ ಈ ಹಾಡನ್ನು ನುಡಿಸುವ ರೂಢಿ ಬೆಳೆಯಿತು. ಯುದ್ಧ ಮುಗಿದು 25 ವರ್ಷವಾದಾಗ, 2007ರಲ್ಲಿ, ಅದರಲ್ಲಿ ಹೋರಾಡಿ ಮನಸ್ಸಿಗೆ ಗಾಯ ಮಾಡಿಕೊಂಡವರ ನೆರವಿಗೆಂದು ನಾಫ್ಲರ್ ಇದನ್ನು ಮತ್ತೊಮ್ಮೆ ಧ್ವನಿಮುದ್ರಿಸಿದರು. ಆ ಗಿಬ್ಸನ್ ಗಿಟಾರು 2024ರ ಜನವರಿಯಲ್ಲಿ ಲಂಡನ್ನಿನ ಹರಾಜಿನಲ್ಲಿ 5,92,200 ಪೌಂಡಿಗೆ, ಎಂದರೆ ಆರು ಕೋಟಿ ರೂಪಾಯಿಗೂ ಮೇಲೆ, ಮಾರಾಟವಾಯಿತು. ಹರಾಜಿನ ಹಣದಲ್ಲಿ ಒಂದು ಪಾಲು ಸೇವಾಸಂಸ್ಥೆಗಳಿಗೆ ಹೋಯಿತು.

ಇದನ್ನು ಅಂದಿನ ಹುಡುಗರು ಕೇಳಲಿಲ್ಲವೆಂದಲ್ಲ. ಕೇಳಿದರು, ನಿಧಾನ ಅನ್ನಿಸಿತು, ಹಿಂದಕ್ಕೆ ಸುತ್ತಿ ಮತ್ತೆ ‘ಎ’ ಸೈಡು ಹಾಕಿದರು. ನಡುವೆ ನಲವತ್ತು ವರ್ಷಗಳಲ್ಲಿ ಟಿ.ವಿ.ಯಲ್ಲಿ ಎಷ್ಟು ಯುದ್ಧಗಳನ್ನು ನೋಡಿದ್ದಾಯಿತು, ಕೊಲ್ಲಿ ಯುದ್ಧ, ಕಾರ್ಗಿಲ್, ಇರಾಕ್, ಉಕ್ರೇನ್. ಹೆಗಲ ಮೇಲೆ ಹೊತ್ತು ಕಳುಹಿಸಿಕೊಟ್ಟವರೂ ಎಷ್ಟೋ ಮಂದಿ. ಹಾಡು ಬದಲಾಗಿಲ್ಲ. ಅದರ ಒಂದೊಂದು ಸಂಖ್ಯೆಯೂ 1985ರಲ್ಲಿದ್ದಂತೆಯೇ ಇದೆ.

ಇಲ್ಲವಾದ ಸ್ಟುಡಿಯೋ

ಬದಲಾದದ್ದು ಆ ದ್ವೀಪ. 1989ರ ಸೆಪ್ಟೆಂಬರಿನಲ್ಲಿ ‘ಹ್ಯೂಗೋ’ ಎಂಬ ಚಂಡಮಾರುತ ಮಾಂಟ್‌ಸೆರಾಟ್ ಮೇಲೆ ಎರಗಿತು. ಬಹುಪಾಲು ಮನೆಗಳ ಸೂರು ಹಾರಿತು. ಸ್ಟುಡಿಯೋದ ಗೋಡೆಗಳು ನಿಂತವು. ಆದರೆ ವಿದ್ಯುತ್ತಿಲ್ಲದೆ, ತೇವಕ್ಕೆ ಯಂತ್ರಗಳೆಲ್ಲ ಬೂಷ್ಟು ಹಿಡಿದವು. ಪಿಯಾನೋದ ಮುಚ್ಚಳ ತೆಗೆದರೆ ಮನೆಗಳ ಮೇಲೂ ಹಸುರು ಬೂಷ್ಟು! ಜಾರ್ಜ್ ಮಾರ್ಟಿನ್ ಮತ್ತೆ ಬಾಗಿಲು ತೆರೆಯಲಿಲ್ಲ.

ಆರು ವರ್ಷದ ಬಳಿಕ, 1995ರ ಜುಲೈ 18ರಂದು, ಶತಮಾನಗಳಿಂದ ಸುಮ್ಮನಿದ್ದ ಸೂಫ್ರಿಯೇರ್ ಬೆಟ್ಟ ಬಾಯಿ ಬಿಟ್ಟಿತು. ಅಟ್ಲಾಂಟಿಕ್ ಸಾಗರದ ತಳದ ಶಿಲಾಫಲಕ ಕೆರಿಬಿಯನ್ ಫಲಕದಡಿ ಜಾರಿಕೊಂಡು ಹೋಗುವ ಜಾಗವದು. ಅಲ್ಲಿನ ಶಿಲಾರಸ ತೆಳುವಾಗಿ ಹರಿಯುವುದಿಲ್ಲ, ಹಿಟ್ಟಿನ ಮುದ್ದೆಯಂತೆ ಗುಡ್ಡೆಗಟ್ಟಿ ಕುಸಿಯುತ್ತದೆ. ಕುಸಿದಾಗ ಕಾದ ಬೂದಿ, ಅನಿಲ, ಕಲ್ಲು ಒಟ್ಟಾಗಿ ಇಳಿಜಾರಿನಲ್ಲಿ ನುಗ್ಗುತ್ತವೆ. ಓಡಿ ಪಾರಾಗುವ ಮಾತೇ ಇಲ್ಲ. 1997ರ ಜೂನ್ 25ರಂದು 19 ಜನ ಹೀಗೆ ಸತ್ತರು. ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಯಿತು. ಸ್ಟುಡಿಯೋ ಇದ್ದ ಬೆಲ್ಹಮ್ ಕಣಿವೆಯ ಗಾಲ್ಫ್ ಮೈದಾನವನ್ನೂ ಮಳೆನೀರಿನೊಡನೆ ಇಳಿದು ಬಂದ ಬೂದಿಯ ಕೆಸರು ನುಂಗಿತು. ದ್ವೀಪದ ಜನರಲ್ಲಿ ಮೂರನೆಯ ಎರಡು ಪಾಲು ಊರು ಬಿಟ್ಟರು.

ಅದೇ ವರ್ಷದ ಸೆಪ್ಟೆಂಬರ್ 15ರಂದು ಜಾರ್ಜ್ ಮಾರ್ಟಿನ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ದ್ವೀಪದ ಸಹಾಯಾರ್ಥ ಕಛೇರಿ ಏರ್ಪಡಿಸಿದರು. ಪಾಲ್ ಮೆಕಾರ್ಟ್ನಿ, ಎಲ್ಟನ್ ಜಾನ್, ಎರಿಕ್ ಕ್ಲಾಪ್ಟನ್, ಸ್ಟಿಂಗ್ ಹಾಡಿದರು. ನಾಫ್ಲರ್ ಅಲ್ಲಿ ‘ಬ್ರದರ್ಸ್ ಇನ್ ಆರ್ಮ್ಸ್’ ಹಾಡಿದರು. ಡೈರ್ ಸ್ಟ್ರೈಟ್ಸ್ ತಂಡ ಅಷ್ಟರಲ್ಲಿ ಇರಲಿಲ್ಲ, 1995ರಲ್ಲೇ ಚದುರಿತ್ತು. ಎಷ್ಟು ದುಡ್ಡು ಕೊಡುತ್ತೇವೆಂದರೂ ನಾಫ್ಲರ್ ಅದನ್ನು ಮತ್ತೆ ಕೂಡಿಸಲು ಮನಸ್ಸು ಮಾಡಲಿಲ್ಲ. 2005ರ ಮಾರ್ಚ್‌ನಲ್ಲಿ ತಮ್ಮ ಸ್ವಂತ ವಾದ್ಯವೃಂದದೊಡನೆ ಮುಂಬೈ, ಬೆಂಗಳೂರಿಗೆ ಬಂದು ಹೋದರು.

ಸ್ಟುಡಿಯೋದ ಪಾಳು ಗೋಡೆಗಳ ಸುತ್ತ ಈಗ ಗಿಡಬಳ್ಳಿ ಬೆಳೆದಿದೆ. ಅಲ್ಲಿ ಹಿಡಿದ ಧ್ವನಿ ಮಾತ್ರ ಫೋನಿನಲ್ಲಿ ಒಂದು ಬೆರಳು ಒತ್ತಿದರೆ ಸಾಕು, ಸ್ಫಟಿಕದಂತೆ ಕೇಳುತ್ತದೆ. ಕೊನೆಯ ಹಾಡು ದೂರದ ಗುಡುಗಿನಿಂದ ಶುರುವಾಗುತ್ತದೆ. ಹಳೆಯ ಕ್ಯಾಸೆಟ್ಟಿನಲ್ಲಿ ಅದು ಟೇಪಿನ ‘ಸ್ಸ್’ ಸದ್ದಿನೊಳಗೆ ಮುಳುಗಿ, ಹೊರಗೆ ಮಳೆ ಬಂದಿತೇನೋ ಎಂದು ಕಿಟಕಿಯತ್ತ ನೋಡುವಂತಾಗುತ್ತಿತ್ತು.

ಅಂದಹಾಗೆ, ಕ್ಯಾಸೆಟ್ಟಿನಲ್ಲೊಂದು ಅನುಕೂಲವಿತ್ತು. ‘ಎ’ ಸೈಡಿನ ಕೊನೆಯೇ ‘ಬಿ’ ಸೈಡಿನ ಮೊದಲು, ‘ಬಿ’ ಸೈಡಿನ ಕೊನೆಯೇ ‘ಎ’ ಸೈಡಿನ ಮೊದಲು. ಆ ಕೊನೆಯ ಹಾಡಿನವರೆಗೆ ಕೂತು ಕೇಳಿದವರಿಗೆ ಪೆನ್ಸಿಲ್ ಬೇಕಾಗುತ್ತಲೇ ಇರಲಿಲ್ಲ.